ಪ್ರಶ್ನೋತ್ತರ: ಗಾಳಿಯ ಭಾರ ಹೊತ್ತು ಓಡುವ ಕಾರು

ಪ್ರಶ್ನೆ: 2021ರಲ್ಲಿ ಬಂದ ಪೋರ್ಷೆ 911 ಜಿಟಿ3 ಗಂಟೆಗೆ 318 ಕಿ.ಮೀ. ಓಡುತ್ತದೆ. ಅದಕ್ಕಿಂತ ದುಬಾರಿಯಾದ ಜಿಟಿ3 ಆರ್‌ಎಸ್ 296ಕ್ಕೇ ನಿಲ್ಲುತ್ತದೆ. ಟ್ರ್ಯಾಕಿಗೆಂದೇ ಮಾಡಿದ ಕಾರು ನಿಧಾನವಾದರೆ ಏನು ಬಂತು?
– ಕೆ.ಎಸ್., ಮೈಸೂರು

ಉತ್ತರ: ಟ್ರ್ಯಾಕ್ ಕಾರನ್ನು ಟಾಪ್ ಸ್ಪೀಡಿನಿಂದ ಅಳೆಯಬೇಡಿ, ಸುತ್ತಿನ ಸಮಯ ನೋಡಿ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ 20.8 ಕಿ.ಮೀ. ಸುತ್ತಿಗೆ ಆ ಜಿಟಿ3 ತೆಗೆದುಕೊಂಡದ್ದು 6 ನಿಮಿಷ 59.927 ಸೆಕೆಂಡು. 2022ರಲ್ಲಿ ಯೋರ್ಗ್ ಬರ್ಗ್‌ಮೈಸ್ಟರ್ ಓಡಿಸಿದ ಆರ್‌ಎಸ್ ಅದನ್ನು 6 ನಿಮಿಷ 49.328ರಲ್ಲಿ ಮುಗಿಸಿತು. ಎಂಜಿನ್ನಿನ ವ್ಯತ್ಯಾಸ ಬರೀ 15 ಅಶ್ವಶಕ್ತಿ: 510ರ ಬದಲು 525. ತೂಕದಲ್ಲಂತೂ ಆರ್‌ಎಸ್ಸೇ ತುಸು ಹೆಚ್ಚು. ಹಾಗಾದರೆ ಹತ್ತು ಸೆಕೆಂಡು ಉಳಿದದ್ದು ಎಲ್ಲಿ? ಬಹುಪಾಲು ವೇಗದ ತಿರುವುಗಳಲ್ಲಿ ಮತ್ತು ಬ್ರೇಕ್ ಒತ್ತುವ ಜಾಗಗಳಲ್ಲಿ.

ಕಾರಣ ಡೌನ್‌ಫೋರ್ಸ್, ಅಂದರೆ ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ. ಆರ್‌ಎಸ್‌ನಲ್ಲಿ ಅದು 200 ಕಿ.ಮೀ. ವೇಗಕ್ಕೆ 409 ಕೆ.ಜಿ., 285ಕ್ಕೆ 860 ಕೆ.ಜಿ. ಕಾರಿನ ತೂಕವೇ 1,450 ಕೆ.ಜಿ. ಎಂಬುದು ನೆನಪಿರಲಿ. ಟೈರಿನ ಮೇಲೆ ಭಾರ ಬಿದ್ದಷ್ಟೂ ಹಿಡಿತ ಹೆಚ್ಚು. ಡಿಕ್ಕಿಯಲ್ಲಿ ಅಕ್ಕಿ ಮೂಟೆ ಹೇರಿದರೂ ಭಾರ ಬರುತ್ತದೆ. ಆದರೆ ಆ ಮೂಟೆಯನ್ನೂ ತಿರುವಿನಲ್ಲಿ ತಿರುಗಿಸಬೇಕು, ಬ್ರೇಕ್ ಹಾಕಿ ನಿಲ್ಲಿಸಬೇಕು. ಗಾಳಿಯ ಭಾರಕ್ಕೆ ಆ ಹೊರೆಯಿಲ್ಲ. ಅದರ ಬೆಲೆ ತೆರಬೇಕಾದದ್ದು ನೇರ ರಸ್ತೆಯಲ್ಲಿ, ಗಾಳಿಯ ಎದುರೊತ್ತಿನ ರೂಪದಲ್ಲಿ. ಆ 22 ಕಿ.ಮೀ. ಹೋದದ್ದು ಅಲ್ಲಿಗೇ. ನಷ್ಟ ಕಡಿಮೆ ಮಾಡಲು ಡಿಆರ್‌ಎಸ್, ಅಂದರೆ ಗಾಳಿಯ ಎದುರೊತ್ತು ತಗ್ಗಿಸುವ ವ್ಯವಸ್ಥೆ ಇದೆ: ಸ್ಟೀರಿಂಗ್ ಮೇಲಿನ ಗುಂಡಿ ಒತ್ತಿದರೆ ಹಿಂದಿನ ರೆಕ್ಕೆಯ ಮೇಲ್ಪಟ್ಟಿ ಚಪ್ಪಟೆಯಾಗುತ್ತದೆ. ಹೆಚ್ಚಿನ ವೇಗದಲ್ಲಿ ತುರ್ತಾಗಿ ಬ್ರೇಕ್ ಒತ್ತಿದರೆ ಅದೇ ಪಟ್ಟಿ ಪೂರ್ತಿ ಎದ್ದು ನಿಂತು ಗಾಳಿಯನ್ನೇ ಬ್ರೇಕ್ ಆಗಿ ಬಳಸುತ್ತದೆ.

ರೆಕ್ಕೆಗಿಂತ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಮುಂದಿನ ಸಸ್ಪೆನ್ಷನ್. ಬ್ರೇಕ್ ಹಾಕಿದಾಗ ಯಾವ ಕಾರಾದರೂ ಮೂಗು ಬಗ್ಗಿಸುತ್ತದೆ. ಮೂಗು ನೆಲಕ್ಕೆ ಹತ್ತಿರವಾದರೆ ಗಾಳಿಯ ಒತ್ತಡ ಮುಂದಕ್ಕೆ ಸರಿದು ಹಿಂಭಾಗ ಹಗುರಾಗುತ್ತದೆ. 250ರ ವೇಗದಲ್ಲಿ ಹಾಗಾದರೆ ಹಿಂದಿನ ಚಕ್ರ ಜಾರೀತು. ಅದಕ್ಕೆಂದೇ ಇಲ್ಲಿ ಚಕ್ರವನ್ನು ಹಿಡಿದಿರುವ ಕೆಳತೋಳಿನ ಮುಂದಿನ ಬಾಲ್ ಜಾಯಿಂಟನ್ನು (ಗುಂಡು ಕೀಲನ್ನು) ಕೆಳಗಿಳಿಸಿ, ಮೂಗು ಬಗ್ಗುವುದನ್ನು ತಡೆದಿದ್ದಾರೆ. ಆ ತೋಳುಗಳನ್ನೇ ನೀರಹನಿಯ ಆಕಾರಕ್ಕೆ ತಂದದ್ದರಿಂದ ಟಾಪ್ ಸ್ಪೀಡಿನಲ್ಲಿ ಮುಂದಿನ ಚಕ್ರಗಳಿಗೆ ಸುಮಾರು 40 ಕೆ.ಜಿ. ಹೆಚ್ಚುವರಿ ಒತ್ತಡ ಸಿಗುತ್ತದೆ.

ಪ್ರಶ್ನೆ: 911ಕ್ಕೆ ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಆರ್‌ಎಸ್‌ಗೆ ಆ ಡಿಕ್ಕಿಯೂ ಇಲ್ಲವಂತೆ?
– ಆರ್.ಪಿ., ದಾವಣಗೆರೆ

ಉತ್ತರ: ಇಲ್ಲ. ಆ ಜಾಗದಲ್ಲಿ ಒಂದೇ ದೊಡ್ಡ ರೇಡಿಯೇಟರನ್ನು ಓರೆಯಾಗಿ ಕೂರಿಸಿದ್ದಾರೆ. ಮೊದಲು ಮೂರು ರೇಡಿಯೇಟರ್‌ಗಳು ಹಂಚಿಕೊಂಡಿದ್ದ ಕೆಲಸ ಅದು. ಹೀಗೆ ಎರಡೂ ಬದಿಯಲ್ಲಿ ಖಾಲಿಯಾದ ಜಾಗಕ್ಕೆ, ವೇಗಕ್ಕೆ ತಕ್ಕಂತೆ ತಾವಾಗಿ ತಿರುಗುವ ಗಾಳಿಪಟ್ಟಿಗಳು ಬಂದವು. ರೇಡಿಯೇಟರಿನ ಬಿಸಿಗಾಳಿ ಮೂಗಿನ ಎರಡು ಹೊಳ್ಳೆಗಳಿಂದ ಮೇಲೇಳುತ್ತದೆ. ಛಾವಣಿಯ ಮೇಲಿನ ಸಣ್ಣ ಏಣುಗಳು ಅದನ್ನು ಪಕ್ಕಕ್ಕೆ ತಳ್ಳುತ್ತವೆ; ಇಲ್ಲದಿದ್ದರೆ ಎಂಜಿನ್ ಆ ಬಿಸಿಗಾಳಿಯನ್ನೇ ಉಸಿರಾಡಿ ಶಕ್ತಿ ಕಳೆದುಕೊಳ್ಳುತ್ತಿತ್ತು.

ಪ್ರಶ್ನೆ: ನನ್ನ ಹ್ಯಾಚ್‌ಬ್ಯಾಕ್‌ಗೂ ಅಂಥದೊಂದು ರೆಕ್ಕೆ ಹಾಕಿಸಬಹುದೇ?
– ಎಂ.ಡಿ., ಬೆಳಗಾವಿ

ಉತ್ತರ: ಬೇಡ. ಡೌನ್‌ಫೋರ್ಸ್ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಅರ್ಧವಾದರೆ ಅದು ಕಾಲು ಭಾಗಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ, 285ರ ವೇಗಕ್ಕೆ 860 ಕೆ.ಜಿ. ಒತ್ತಡ ಪಡೆಯುವ ಆರ್‌ಎಸ್‌ಗೇ 60 ಕಿ.ಮೀ. ವೇಗದಲ್ಲಿ ಸಿಗುವುದು 40 ಕೆ.ಜಿ.ಯ ಆಸುಪಾಸು. ಅಲ್ಲದೆ ಹ್ಯಾಚ್‌ಬ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಎಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಹಿಂದೆ ಮಾತ್ರ ಒತ್ತಿದರೆ ಮುಂದಿನ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ಆ ದುಡ್ಡಿಗೆ ಒಳ್ಳೆಯ ಟೈರ್ ಹಾಕಿಸಿ.

ಪ್ರಶ್ನೆ: ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆ ಟ್ರ್ಯಾಕಿನಲ್ಲಿ ನನ್ನ ಟರ್ಬೊ ಕಾರಿನ ಬ್ರೇಕ್ ಐದನೇ ಸುತ್ತಿಗೆ ಕೈಕೊಟ್ಟಿತು. ಟೈರೂ ಜಾರತೊಡಗಿತು. ಮುಂದಿನ ಸಲ ಏನು ಮಾಡಲಿ?
– ಎನ್.ವಿ., ಬೆಂಗಳೂರು

ಉತ್ತರ: ಪೆಡಲ್ ಹೇಗಿತ್ತು ಎಂದು ಮೊದಲು ನೆನಪಿಸಿಕೊಳ್ಳಿ. ಸ್ಪಂಜಿನಂತೆ ಮೆತ್ತಗಾಗಿ ಕೆಳಗೆ ಹೋಯಿತೇ? ಹಾಗಾದರೆ ಬ್ರೇಕ್ ಆಯಿಲ್ ಕುದಿದು ಒಳಗೆ ಆವಿ ತುಂಬಿದೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲಲಿಲ್ಲವೇ? ಅದು ಪ್ಯಾಡ್ ಸುಟ್ಟ ಲಕ್ಷಣ. ಎರಡಕ್ಕೂ ಮದ್ದು ಬೇರೆ ಬೇರೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 155ಕ್ಕಿಳಿಯುತ್ತದೆ. ಆದ್ದರಿಂದ ಟ್ರ್ಯಾಕಿಗೆ ಹೋಗುವ ವಾರದಲ್ಲಿ ಸೀಲ್ ಒಡೆಯದ ಡಬ್ಬಿಯಿಂದ ಹೊಸ ಆಯಿಲ್ ತುಂಬಿಸಿ, ನಾಲ್ಕೂ ಚಕ್ರದಲ್ಲಿ ಗಾಳಿ ತೆಗೆಸಿ. ಕಳೆದ ವರ್ಷ ಅರ್ಧ ಬಳಸಿಟ್ಟ ಡಬ್ಬಿ ಬೇಡವೇ ಬೇಡ. ಪ್ಯಾಡ್ ಸುಟ್ಟಿದ್ದರೆ ಹೆಚ್ಚು ಬಿಸಿ ತಾಳುವ ಪ್ಯಾಡ್ ಹಾಕಿಸಿ, ತಯಾರಕರು ಹೇಳಿದ ಕ್ರಮದಲ್ಲಿ ಡಿಸ್ಕಿಗೆ ಪಳಗಿಸಿದ ಮೇಲೆಯೇ ಟ್ರ್ಯಾಕಿಗಿಳಿಯಿರಿ. ಆರ್‌ಎಸ್‌ನ ಮುಂದಿನ ಡಿಸ್ಕ್ 408 ಮಿ.ಮೀ., ಅದಕ್ಕೆ ಪ್ಯಾಡ್ ಒತ್ತುವುದು ಆರು ಪಿಸ್ಟನ್. ನಿಮ್ಮ ಕಾರಿನ ಡಿಸ್ಕಿಗೆ ಬಿಸಿ ಹೊರಹಾಕುವ ಅಷ್ಟು ಮೈಯಿಲ್ಲ. ಮೂರು ಸುತ್ತು ಜೋರು, ಒಂದು ಸುತ್ತು ನಿಧಾನ ಎಂಬ ಲೆಕ್ಕ ಇಟ್ಟುಕೊಳ್ಳಿ.

ಟೈರಿನ ವಿಷಯ: ಒಳಗಿನ ಗಾಳಿ ಪ್ರತಿ 10 ಡಿಗ್ರಿ ಬಿಸಿಯಾದಾಗ ಒತ್ತಡ ಸುಮಾರು 1.6 ಪಿಎಸ್‌ಐ ಏರುತ್ತದೆ. ಬೆಳಿಗ್ಗೆ 25 ಡಿಗ್ರಿಯಲ್ಲಿ 33 ತುಂಬಿಸಿದ್ದರೆ, 85 ಡಿಗ್ರಿಗೆ ಅದು 42 ದಾಟುತ್ತದೆ. ಆಗ ಟೈರ್ ನಡುವಷ್ಟೇ ನೆಲಕ್ಕೆ ತಾಗಿ ಜಾರುತ್ತದೆ. ಬಿಸಿಯಾದಾಗ ಎಷ್ಟಿರಬೇಕು ಎಂದು ಟೈರ್ ಕಂಪನಿ ಹೇಳುತ್ತದೋ ಅದನ್ನು ಗುರಿಯಾಗಿಟ್ಟುಕೊಳ್ಳಿ. ನಾಲ್ಕು ಸುತ್ತು ಓಡಿಸಿ ಪಿಟ್‌ಗೆ (ಟ್ರ್ಯಾಕ್ ಬದಿಯ ನಿಲುಗಡೆಗೆ) ಬಂದ ತಕ್ಷಣ ನಿಮ್ಮದೇ ಗೇಜಿನಿಂದ ಅಳೆದು, ಹೆಚ್ಚಾದದ್ದನ್ನು ಬಿಡಿ. ಮನೆಗೆ ಹೊರಡುವ ಮುನ್ನ, ಟೈರ್ ತಣಿದ ಮೇಲೆ, ಮತ್ತೆ ರಸ್ತೆಯ ಅಳತೆಗೆ ತುಂಬಿಸುವುದನ್ನು ಮರೆಯಬೇಡಿ.

ಪಿಟ್‌ಗೆ ಬರುವ ಕೊನೆಯ ಸುತ್ತಿನಲ್ಲಿ ಬ್ರೇಕ್ ಹೆಚ್ಚು ಮುಟ್ಟದೆ ಬನ್ನಿ. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡಗಲ್ಲು ಕೊಡಿ. ಕಾದ ಡಿಸ್ಕಿಗೆ ಪ್ಯಾಡ್ ಒತ್ತಿಕೊಂಡೇ ನಿಂತರೆ ಆ ಜಾಗದಲ್ಲಿ ಪ್ಯಾಡಿನ ಪದರ ಅಂಟಿಕೊಳ್ಳುತ್ತದೆ, ಆಮೇಲೆ ಬ್ರೇಕ್ ಹಾಕಿದಾಗಲೆಲ್ಲ ನಡುಕ ಬರುತ್ತದೆ.