ಪಶ್ಚಿಮೋತ್ತಾನಾಸನ: ಹಣೆ ಮಂಡಿಗೆ ತಾಗದಿದ್ದರೆ

ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನವನ್ನು ಮೂರು ತಿಂಗಳಿಂದ ಬೆಳಿಗ್ಗೆ ಎದ್ದ ಕೂಡಲೇ ಮಾಡುತ್ತಿದ್ದೇನೆ, ಹಣೆ ಮಂಡಿಗೆ ತಾಗುತ್ತಿಲ್ಲ, ಆಮೇಲೆ ಸೊಂಟ ಹಿಡಿಯುತ್ತದೆ ಅಂದಿದ್ದೀರಿ. ಹಣೆಯ ವಿಷಯ ಸದ್ಯಕ್ಕೆ ಬಿಟ್ಟುಬಿಡಿ. ತೊಡೆಯ ಹಿಂಭಾಗದ ಸ್ನಾಯುಗಳು ಶುರುವಾಗುವುದೇ ನಾವು ಕೂರುವ ಮೂಳೆಯಿಂದ. ಅವು ಬಿಗಿಯಾಗಿದ್ದರೆ ಸೊಂಟದ ಮೂಳೆ ಮುಂದಕ್ಕೆ ವಾಲುವುದಿಲ್ಲ, ಬಾಗುವ ಕೆಲಸವೆಲ್ಲ ಕೆಳಬೆನ್ನಿನ ತಲೆಗೆ ಬೀಳುತ್ತದೆ. ನೋವಿಗೆ ಬಹುಶಃ ಇದೇ ಕಾರಣ.

ಜಮಖಾನೆಯನ್ನು 3–4 ಇಂಚು ದಪ್ಪಕ್ಕೆ ಮಡಿಸಿ, ಅದರ ಅಂಚಿನ ಮೇಲೆ ಕೂತುಕೊಳ್ಳಿ. ಪಾದಗಳಿಗೆ ಟವೆಲ್ ಹಾಕಿ ಎರಡೂ ತುದಿ ಹಿಡಿಯಿರಿ. ಮಂಡಿ ತುಸು ಮೇಲೆದ್ದರೂ ಪರವಾಗಿಲ್ಲ. ಉಸಿರು ಎಳೆದುಕೊಳ್ಳುತ್ತಾ ಎದೆ ಎತ್ತಿ, ಬಿಡುತ್ತಾ ಹೊಕ್ಕುಳನ್ನು ತೊಡೆಯ ಕಡೆಗೆ ತನ್ನಿ, ತಲೆಯನ್ನಲ್ಲ. ಬೆನ್ನು ಗೂನಾಗತೊಡಗಿದ ಜಾಗವೇ ನಿಮ್ಮ ಮಿತಿ. ಅಲ್ಲಿ ಐದಾರು ಉಸಿರು ನಿಲ್ಲಿ, ಮೂರು ಸಲ ಮಾಡಿ. ಟವೆಲನ್ನು ಹಗ್ಗಜಗ್ಗಾಟದ ಹಾಗೆ ಜಗ್ಗಬೇಡಿ! ಎಳೆತ ತೊಡೆಯ ನಡುಭಾಗದಲ್ಲಿ ಗೊತ್ತಾಗಬೇಕು. ಮಂಡಿಯ ಹಿಂದೆ ಅಥವಾ ಕೂರುವ ಮೂಳೆಯ ಹತ್ತಿರ ಚುಳ್ ಅಂದರೆ ಮಂಡಿ ಇನ್ನಷ್ಟು ಮಡಿಸಿ, ಹಿಂದಕ್ಕೆ ಬನ್ನಿ.

ಎದ್ದ ಕೂಡಲೇ ಬೇಡ. ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕ್‌ಗಳು (ಬೆನ್ನುಮೂಳೆಗಳ ನಡುವಿನ ಮೆತ್ತೆಗಳು) ನೀರು ಹೀರಿ ಉಬ್ಬಿರುತ್ತವೆ, ಆಗ ಬಾಗಿದರೆ ಒತ್ತಡ ಜಾಸ್ತಿ. ಸಂಜೆ, ಊಟವಾಗಿ ಮೂರ್ನಾಲ್ಕು ಗಂಟೆ ಕಳೆದ ಮೇಲೆ ಮಾಡಿ.

ಪ್ರಯೋಜನ ಕೇಳಿದ್ದೀರಿ: ತೊಡೆ, ಬೆನ್ನಿನ ಬಿಗಿತ ಸಡಿಲವಾಗುತ್ತದೆ, ನಿಧಾನದ ಉಸಿರಿನಿಂದ ಮನಸ್ಸು ತಣ್ಣಗಾಗುತ್ತದೆ. ಇದೊಂದರಿಂದಲೇ ಹೊಟ್ಟೆ ಕರಗುತ್ತದೆ ಅನ್ನುವ ವಿಡಿಯೊಗಳನ್ನು ನಂಬಬೇಡಿ. ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಆಸನ ನಿಲ್ಲಿಸಿ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ.