ಆಳಿನ ಹಾಜರಿ ಲೆಕ್ಕಕ್ಕೆ ಕೌಂಟಿಫ್ ಸಾಕು, ಹೆಸರು ಮಾತ್ರ ಒಂದೇ ಥರ ಬರೀರಿ

ತೋಟದ ಆಳುಗಳ ಹಾಜರಿಯನ್ನು ಗೂಗಲ್ ಶೀಟಿಗೆ ಹಾಕಿದ್ದೇನೆ, ಯಾರು ಎಷ್ಟು ದಿನ ಬಂದರು ಅಂತ ಬೆರಳು ಮಡಚಿ ಎಣಿಸಿ ಸಾಕಾಯ್ತು ಅಂತ ನೀವು ಇಲ್ಲಿ ಬರೆದಿದ್ರಲ್ಲ. ಅದಕ್ಕೆ ಒಂದೇ ಸಾಲಿನ ಸೂತ್ರ ಇದೆ ಮಾರಾಯ್ರೇ.

ಎ ಕಾಲಂನಲ್ಲಿ ತಾರೀಕು, ಬಿ ಕಾಲಂನಲ್ಲಿ ಹೆಸರು ಇದೆ ಅಂದುಕೊಳ್ಳಿ. ಎಫ್2ರಲ್ಲಿ =ಯೂನಿಕ್(ಬಿ2:ಬಿ) ಅಂತ ಹೊಡೆದರೆ ಹೆಸರುಗಳೆಲ್ಲ ಒಂದೊಂದೇ ಸಲ ಕೆಳಗಿಳಿದು ಬರುತ್ತವೆ. ಪಕ್ಕದ ಜಿ2ರಲ್ಲಿ =ಕೌಂಟಿಫ್(ಬಿ:ಬಿ, ಎಫ್2) ಹಾಕಿ ಕೆಳಗೆ ಎಳೆಯಿರಿ, ಆ ಹೆಸರು ಎಷ್ಟು ಸಲ ಇದೆ ಅಂತ ಎಣಿಸಿ ಕೊಡುತ್ತೆ, ಆಯ್ತು. ನಾನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಶೀಟಿನಲ್ಲಿ ಸೂತ್ರವನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು: ಯೂನಿಕ್ ಅಂದ್ರೆ UNIQUE, ಕೌಂಟಿಫ್ ಅಂದ್ರೆ COUNTIF, ಮುಂದೆ ಬರೋ ಟ್ರಿಮ್ TRIM, ಸಮಿಫ್ SUMIF, ಸಮಿಫ್ಸ್ SUMIFS, ಡೇಟ್ DATE.

ಸೂತ್ರ ಸುಲಭ, ತೊಂದರೆ ಇರೋದು ನಾವು ಬರೆದ ಹೆಸರಲ್ಲಿ. ಕಳೆದ ವರ್ಷ ಕೊಯ್ಲು ಮುಗಿದ ಮೇಲೆ ನನ್ನ ಶೀಟು ಮಂಜನಿಗೆ 23 ದಿನ ಅಂತು. ಅವನು 26 ಅಂದ. ಅವನ ಹಾಜರಿ ಪುಸ್ತಕ ಅಂದ್ರೆ ಕೊಟ್ಟಿಗೆ ಬಾಗಿಲ ಹಿಂದೆ ಇದ್ದಿಲಲ್ಲಿ ಎಳೆದ ಗೀಟುಗಳು. ಕಂಪ್ಯೂಟರ್ ತಪ್ಪುತ್ತಾ ಅಂತ ನಾನೂ ಸ್ವಲ್ಪ ಗತ್ತು ತೋರಿಸಿದೆ. ಆಮೇಲೆ ನೋಡಿದರೆ ಯೂನಿಕ್ ಪಟ್ಟಿಯಲ್ಲಿ 'ಮಂಜ' ಎರಡು ಸಲ ಕೂತಿದ್ದಾನೆ! ಮೊಬೈಲ್ ಕೀಬೋರ್ಡಿನ ಸಲಹೆಯಿಂದ ಹೆಸರು ಆರಿಸಿದಾಗ ಹಿಂದೆ ಒಂದು ಸ್ಪೇಸ್ ಸೇರಿಕೊಂಡಿತ್ತು, ಅಂಥ ಸಾಲು ಎರಡು. ಇನ್ನೊಂದು ದಿನ ನಾನೇ 'ಮಂಜು' ಅಂತ ಬರೆದಿದ್ದೆ. ಗೀಟೇ ಸರಿ ಇತ್ತು.

ಸ್ಪೇಸಿಗೆ ಮದ್ದು ಟ್ರಿಮ್. ಖಾಲಿ ಕಾಲಂನಲ್ಲಿ =ಟ್ರಿಮ್(ಬಿ2) ಹಾಕಿ ಎಳೆದು, ಬಂದದ್ದನ್ನು ಬರೀ ಮೌಲ್ಯವಾಗಿ (ಸೂತ್ರ ಬಿಟ್ಟು ಹೆಸರು ಮಾತ್ರ) ಬಿ ಕಾಲಂಗೆ ಅಂಟಿಸಿ. ಕಾಗುಣಿತ ಬೇರೆ ಇದ್ದರೆ ಕೈಯಲ್ಲೇ ತಿದ್ದಬೇಕು. ಕೌಂಟಿಫ್ ಒಳಗೆ ಎಫ್2ರ ಬದಲು "ಮಂಜ*" ಅಂತ ನಕ್ಷತ್ರ ಹಾಕಿದರೆ ಮಂಜುವೂ ಸೇರ್ತಾನೆ ಅಂತ ಯಾರಾದರೂ ಹೇಳಬಹುದು. ಸೇರ್ತಾನೆ ನಿಜ, ಮಂಜಪ್ಪ, ಮಂಜುನಾಥ ಎಲ್ಲರನ್ನೂ ಕಟ್ಟಿಕೊಂಡೇ ಬರ್ತಾನೆ. ಬೇಡ. ಈಗ ನಾನು ಬಿ ಕಾಲಂಗೆ ಡ್ರಾಪ್‌ಡೌನ್ ಹಾಕಿಬಿಟ್ಟಿದ್ದೇನೆ, ಹೆಸರು ಟೈಪ್ ಮಾಡೋ ಗೋಜೇ ಇಲ್ಲ.

ಇನ್ನೊಂದು ವಿಷಯ, ಕೌಂಟಿಫ್ ಎಣಿಸೋದು ಸಾಲನ್ನು, ದಿನವನ್ನಲ್ಲ. ಮಧ್ಯಾಹ್ನ ಮಳೆ ಹೊಡೆದು ಔಷಧಿ ಹೊಡೆಯೋದು ನಿಂತ ದಿನವೂ ಅದಕ್ಕೆ ಒಂದೇ. ಸಿ ಕಾಲಂನಲ್ಲಿ ಪೂರ್ತಿ ದಿನಕ್ಕೆ 1, ಅರ್ಧ ದಿನಕ್ಕೆ 0.5 ಬರೆದು =ಸಮಿಫ್(ಬಿ:ಬಿ, ಎಫ್2, ಸಿ:ಸಿ) ಹಾಕಿ, ಆ ಹೆಸರಿನ ಸಾಲುಗಳ ಸಿ ಕಾಲಂ ಅಂಕಿಗಳನ್ನು ಕೂಡಿಸುತ್ತೆ. ಕೂಲಿ ಕೊಡೋಕೆ ಇದೇ ಲೆಕ್ಕ ಹಿಡೀರಿ. ಅಡಿಕೆ ಸುಲಿಯೋರಿಗೆ ಕೇಜಿ ಮೇಲೆ ಕೊಡೋದಾದರೆ ಸಿ ಕಾಲಂನಲ್ಲಿ ಕೇಜಿ ಬರೆದರಾಯ್ತು.

ತಿಂಗಳವಾರು ಬೇಕಿದ್ದರೆ ಸಮಿಫ್ಸ್. ಅದರಲ್ಲಿ ಕೂಡಿಸಬೇಕಾದ ಕಾಲಂ ಮೊದಲು ಬರುತ್ತೆ, ಸಮಿಫ್‌ನಲ್ಲಿ ಕೊನೆಗೆ: =ಸಮಿಫ್ಸ್(ಸಿ:ಸಿ, ಬಿ:ಬಿ, ಎಫ್2, ಎ:ಎ, ">="&ಡೇಟ್(2025,6,1), ಎ:ಎ, "<"&ಡೇಟ್(2025,7,1)). ಆಳು ಬಂದಿದ್ದೂ ಸೊನ್ನೆ ತೋರಿಸಿದರೆ ನಿಮ್ಮ ತಾರೀಕು ಅಕ್ಷರವಾಗಿ ಕೂತಿದೆಯಾ ನೋಡಿ. ಸಾಮಾನ್ಯವಾಗಿ ತಾರೀಕು ಕೋಶದ ಬಲಕ್ಕೆ ಅಂಟಿರುತ್ತೆ, ಅಕ್ಷರ ಎಡಕ್ಕೆ.

ಆಗಲೂ ಆಗದಿದ್ದರೆ ಶೀಟಿನ ಫೋಟೋ ಇಲ್ಲೇ ಹಾಕಿ. ಕೂಲಿ ದರದ ಕಾಲಂ ಮುಚ್ಚಿ ಹಾಕಿ ಮತ್ತೆ, ಇಲ್ಲಾಂದ್ರೆ ಚರ್ಚೆ ಅದರ ಮೇಲೇ ಹೋಗುತ್ತೆ.