ಮೆಜೆಸ್ಟಿಕ್ ಥಿಯೇಟರುಗಳಲ್ಲಿ ಪರದೆಯ ಮೂಲೆಯಲ್ಲಿ ಬರುತ್ತಿದ್ದ ಚುಕ್ಕೆ ಏನು? ಸಿನಿಮಾ ನಡುವೆ ಚಿತ್ರ ಸುಟ್ಟುಹೋಗುತ್ತಿದ್ದದ್ದು ಯಾಕೆ?

ಎಪ್ಪತ್ತು-ಎಂಬತ್ತರ ದಶಕದಲ್ಲಿ ಕೆಂಪೇಗೌಡ ರಸ್ತೆಯ ಥಿಯೇಟರುಗಳಲ್ಲಿ ಕಂಡದ್ದೆಂದು ನಿಮ್ಮ ತಂದೆ ನೆನೆಸಿಕೊಳ್ಳುವ ನಾಲ್ಕು ಸಂಗತಿ ಕೇಳಿದ್ದೀರಿ. ಪರದೆಯ ಬಲಮೂಲೆಯಲ್ಲಿ ಮಿಂಚಿ ಮರೆಯಾಗುವ ಚುಕ್ಕೆ, ಇದ್ದಕ್ಕಿದ್ದಂತೆ ಕರಗಿ ಸುಟ್ಟುಹೋಗುವ ಚಿತ್ರ, ತುಟಿಗೂ ಮಾತಿಗೂ ಹೊಂದಿಕೆ ತಪ್ಪುವುದು, ಹಳೇ ಪ್ರಿಂಟಿನ ಮೇಲೆ ಸುರಿಯುವ ಮಳೆ. ನಾಲ್ಕಕ್ಕೂ ಕಾರಣ ಇದ್ದದ್ದು ಒಂದೇ ಕೋಣೆಯಲ್ಲಿ: ಬಾಲ್ಕನಿಯ ಹಿಂದೆ, ಮೇಲೆ, ಕಾಂಕ್ರೀಟಿನ ಇಕ್ಕಟ್ಟು ಕ್ಯಾಬಿನ್ನಿನಲ್ಲಿ. ಜನ ಸಿಳ್ಳೆ ಹಾಕಿ ಬೈಯುತ್ತಿದ್ದದ್ದು ಅಲ್ಲಿ ಕೂತ ಆಪರೇಟರನ್ನು. ಆದರೆ ಎರಡೂವರೆ ಗಂಟೆ ಸಿನಿಮಾ ತಡೆಯಿಲ್ಲದೆ ಓಡಿದ್ದರೆ ಅದೂ ಅವನ ಕೈಕೆಲಸವೇ. ಅದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಅಳತೆ. 35 ಎಂಎಂ ಫಿಲ್ಮ್ ಸೆಕೆಂಡಿಗೆ 24 ಚಿತ್ರದಂತೆ ಓಡುತ್ತದೆ. ಒಂದು ಅಡಿಗೆ 16 ಚಿತ್ರ, ಅಂದರೆ ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಯ ಸಿನಿಮಾಕ್ಕೆ 13,500 ಅಡಿ ಫಿಲ್ಮ್ ಬೇಕು, ನಾಲ್ಕು ಕಿಲೋಮೀಟರಿಗೂ ಹೆಚ್ಚು. ಸಿನಿಮಾ ಶುರುವಾಗುವ ಮುನ್ನ ತೋರಿಸುತ್ತಿದ್ದ ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ರೀಲುಗಳ ಸಂಖ್ಯೆ, ಮೀಟರ್ ಲೆಕ್ಕ ಎರಡೂ ಇರುತ್ತಿದ್ದವು. ‘14 ರೀಲ್’ ಎಂದು ಕಂಡರೆ ಸಿನಿಮಾ ಎಷ್ಟು ಹೊತ್ತಿಗೆ ಬಿಡುತ್ತದೆ, ಕೊನೇ ಬಸ್ಸು ಸಿಗುತ್ತದೋ ಇಲ್ಲವೋ ಎಂದು ಅಲ್ಲೇ ಲೆಕ್ಕ ಹಾಕಬಹುದಿತ್ತು. 1,000 ಅಡಿಯ ಒಂದು ರೀಲ್ ಸುಮಾರು 11 ನಿಮಿಷ. ಕ್ಯಾಬಿನ್ನಿನಲ್ಲಿ ಎರಡೆರಡು ರೀಲ್ ಸೇರಿಸಿ 2,000 ಅಡಿಯ ಸ್ಪೂಲಿಗೆ ಸುತ್ತುತ್ತಿದ್ದರು, ಒಂದು ಸ್ಪೂಲಿಗೆ ಸುಮಾರು 22 ನಿಮಿಷ. ಇಡೀ ಪ್ರಿಂಟು 30 ಕಿಲೋ ತೂಗುತ್ತಿತ್ತು, ಡಬ್ಬಿಗಳ ತೂಕ ಬೇರೆ.

ಇಷ್ಟು ತಿಳಿದರೆ ಚುಕ್ಕೆಯ ಗುಟ್ಟು ಸುಲಭ. ಕ್ಯಾಬಿನ್ನಿನಲ್ಲಿ ಪ್ರೊಜೆಕ್ಟರ್ ಎರಡು ಇರುತ್ತಿದ್ದವು. ಒಂದರಲ್ಲಿ ಸ್ಪೂಲ್ ಓಡುತ್ತಿರುವಾಗ ಮುಂದಿನ ಸ್ಪೂಲನ್ನು ಇನ್ನೊಂದರಲ್ಲಿ ಏರಿಸಿ, ದೀಪ ಹೊತ್ತಿಸಿಟ್ಟುಕೊಂಡು ಆಪರೇಟರ್ ಕಿಂಡಿಯಿಂದ ಪರದೆಯ ಬಲಮೇಲ್ಮೂಲೆಯನ್ನೇ ನೋಡುತ್ತಾ ನಿಲ್ಲುತ್ತಿದ್ದ. ಸ್ಪೂಲ್ ಮುಗಿಯಲು ಸುಮಾರು 8 ಸೆಕೆಂಡ್ ಇರುವಾಗ ಮೊದಲ ಚುಕ್ಕೆ: ಎರಡನೇ ಪ್ರೊಜೆಕ್ಟರಿನ ಮೋಟರ್ ಹಾಕು ಎಂದರ್ಥ. ಮೋಟರ್ ಪೂರ್ತಿ ವೇಗ ಹಿಡಿಯಲು ಅಷ್ಟು ಹೊತ್ತು ಬೇಕು. ಮುಗಿಯಲು ಒಂದು ಸೆಕೆಂಡ್ ಇರುವಾಗ ಎರಡನೇ ಚುಕ್ಕೆ: ಬದಲಿಸು. ಆಗ ಒಂದರ ಬೆಳಕು ಮುಚ್ಚಿ ಇನ್ನೊಂದರದು ತೆರೆಯಬೇಕು, ಧ್ವನಿಯೂ ಜತೆಗೇ ಈ ಯಂತ್ರದಿಂದ ಆ ಯಂತ್ರಕ್ಕೆ ಹೋಗಬೇಕು. ಒಂದೊಂದು ಚುಕ್ಕೆ ಇರುತ್ತಿದ್ದದ್ದು ನಾಲ್ಕೇ ನಾಲ್ಕು ಚಿತ್ರಗಳಲ್ಲಿ, ಅಂದರೆ ಸೆಕೆಂಡಿನ ಆರನೇ ಒಂದು ಭಾಗ. ಆ ಹೊತ್ತಿಗೆ ಕಣ್ಣು ಮಿಟುಕಿಸಿದರೆ ತಪ್ಪಿತು. ಪರದೆ ಬೆಳ್ಳಗಾಗುತ್ತದೆ, ಕೆಳಗೆ ಕೂಗು ಶುರುವಾಗುತ್ತದೆ. ಚುಕ್ಕೆ ಸವೆದ ಪ್ರಿಂಟು ಬಂದರೆ ಆಪರೇಟರೇ ಸೂಜಿಯಿಂದ ಗೀರಿ ತನ್ನ ಗುರುತು ಮಾಡಿಕೊಳ್ಳುತ್ತಿದ್ದ. ನಾಲ್ಕೈದು ಊರು ಸುತ್ತಿದ ಪ್ರಿಂಟಿನಲ್ಲಿ ಒಂದರ ಪಕ್ಕ ಒಂದು ಗೀಟು, ಅಡ್ಡಗುರುತು, ಉಂಗುರ ಕಾಣುತ್ತಿದ್ದದ್ದು ಇದಕ್ಕೇ. 14 ರೀಲಿನ ಸಿನಿಮಾಕ್ಕೆ ಏಳು ಸ್ಪೂಲ್, ಆರು ಬದಲಾವಣೆ. ಅದರಲ್ಲಿ ಒಂದು ಇಂಟರ್‌ವೆಲ್ಲಿಗೆ ಹೋಯಿತು. ಉಳಿದ ಐದು ನಿಮ್ಮ ತಂದೆಗೆ ಗೊತ್ತಾಗದಂತೆ ನಡೆದಿದ್ದರೆ ಆ ದಿನ ಕ್ಯಾಬಿನ್ನಿನಲ್ಲಿ ಒಳ್ಳೆಯ ಕೈ ಇತ್ತು ಎಂದೇ ತಿಳಿಯಿರಿ.

ಇನ್ನು ಬೆಳಕು. ಕ್ಸೆನಾನ್ ದೀಪಗಳು ಬರುವ ಮುಂಚೆ ಬೆಳಕು ಬರುತ್ತಿದ್ದದ್ದು ಕಾರ್ಬನ್ ಕಡ್ಡಿಗಳಿಂದ. ತಾಮ್ರದ ಲೇಪವಿದ್ದ, ಪೆನ್ಸಿಲ್ ದಪ್ಪದ ಎರಡು ಕಡ್ಡಿ, ಒಂದು ಪಾಸಿಟಿವ್, ಒಂದು ನೆಗೆಟಿವ್. ರೆಕ್ಟಿಫೈಯರಿನಿಂದ ಡಿ.ಸಿ. ಕರೆಂಟು ಹರಿಸಿ, ತುದಿ ತಾಗಿಸಿ, ಕೆಲವು ಮಿಲಿಮೀಟರ್ ಹಿಂದಕ್ಕೆಳೆದರೆ ನಡುವೆ ಕಣ್ಣು ಕೋರೈಸುವ ಕಿಡಿ ನಿಲ್ಲುತ್ತದೆ. ಪರದೆಗೆ ಹೋಗುವ ಬೆಳಕಿನ ಬಹುಪಾಲು ಪಾಸಿಟಿವ್ ತುದಿಯಲ್ಲಿ ಕೊರೆದುಕೊಳ್ಳುವ ಸಣ್ಣ ಗುಳಿಯದು. ಕಡ್ಡಿ ಉರಿದಂತೆಲ್ಲ ಸವೆಯುತ್ತದೆ, ಅಂತರ ಹೆಚ್ಚುತ್ತದೆ. ಹೆಚ್ಚಿದರೆ ಪರದೆ ಮಂಕಾಗಿ ಬಣ್ಣ ಕೆಡುತ್ತದೆ, ಇನ್ನೂ ಬಿಟ್ಟರೆ ಆರಿಹೋಗುತ್ತದೆ. ಕಡ್ಡಿಗಳು ತೀರಾ ಹತ್ತಿರ ಬಂದರೆ ಅಂಟಿಕೊಂಡು ಬೆಳಕು ಕುಸಿಯುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಕಡ್ಡಿ ಮುಂದಕ್ಕೆ ತಳ್ಳಲು ಸಣ್ಣ ಮೋಟರ್ ಇರುತ್ತಿತ್ತು. ಆದರೂ ಕಪ್ಪು ಗಾಜಿನಲ್ಲಿ ಮತ್ತೆ ಮತ್ತೆ ಇಣುಕಿ ಹಿಡಿಕೆ ತಿರುಗಿಸಲೇಬೇಕಿತ್ತು. ಅದರ ಹೊಗೆ ಹೋಗಲು ದೀಪದ ಪೆಟ್ಟಿಗೆಯಿಂದ ಛಾವಣಿಗೆ ತಗಡಿನ ಕೊಳವೆ. ಒಂದು ಸೀನಿನ ನಡುವೆ ಪರದೆ ನಿಧಾನವಾಗಿ ಮಬ್ಬಾಗಿ, ತಟ್ಟನೆ ಮತ್ತೆ ಬೆಳಗಿದ ನೆನಪು ನಿಮ್ಮ ತಂದೆಗಿದ್ದರೆ, ಅದು ಕಾರ್ಬನ್ ಸರಿಪಡಿಸಿದ ಕ್ಷಣ.

ಚಿತ್ರ ಸುಡುವುದು ಈ ಬೆಳಕಿನ ಇನ್ನೊಂದು ಮುಖ. ಫಿಲ್ಮಿನ ಎರಡೂ ಅಂಚಿನಲ್ಲಿ ಒಂದು ಚಿತ್ರಕ್ಕೆ ನಾಲ್ಕರಂತೆ ತೂತುಗಳಿವೆ. ಗೇಟಿನ (ಬೆಳಕಿನ ಎದುರು ಫಿಲ್ಮ್ ಹಾದುಹೋಗುವ ಚೌಕಟ್ಟು) ಕೆಳಗಿನ ಹಲ್ಲುಚಕ್ರ ಆ ತೂತು ಹಿಡಿದು ಫಿಲ್ಮನ್ನು ಒಂದು ಚಿತ್ರದಷ್ಟು ಎಳೆಯುತ್ತದೆ, ನಿಲ್ಲುತ್ತದೆ, ಮತ್ತೆ ಎಳೆಯುತ್ತದೆ, ಸೆಕೆಂಡಿಗೆ 24 ಸಲ. ನಿಂತ ಚಿತ್ರದ ಮೇಲೆ ಶಟರ್ ಎರಡು ಸಲ ಬೆಳಕು ಬಿಡುತ್ತದೆ. ಒಂದೇ ಸಲ ಬಿಟ್ಟರೆ ಕಣ್ಣಿಗೆ ಮಿಣುಕು ತಿಳಿಯುತ್ತದೆ. ಹೀಗೆ ಓಡುವ ತನಕ ಯಾವ ಚಿತ್ರವೂ ಬಿಸಿಯ ಎದುರು ಹೆಚ್ಚು ಹೊತ್ತು ಇರುವುದಿಲ್ಲ. ಯಂತ್ರವೇ ನಿಧಾನವಾದರೆ ಬೆಳಕಿಗೆ ಅಡ್ಡವಾಗಿ ಒಂದು ತಗಡು ತಾನಾಗಿ ಬೀಳುವ ಏರ್ಪಾಡೂ ಇತ್ತು. ಹಾಗಿದ್ದೂ ಸುಡುತ್ತಿದ್ದದ್ದು ಯಾಕೆಂದರೆ, ಬಹುತೇಕ ಸಲ ನಿಲ್ಲುತ್ತಿದ್ದದ್ದು ಯಂತ್ರವಲ್ಲ, ಫಿಲ್ಮ್ ಮಾತ್ರ. ಅಂಚಿನ ತೂತು ಕಿತ್ತುಹೋದ ಜಾಗ ಬಂದಾಗ ಹಲ್ಲಿಗೆ ಹಿಡಿತ ಸಿಗುವುದಿಲ್ಲ. ಮೋಟರ್ ಪೂರ್ತಿ ವೇಗದಲ್ಲೇ ತಿರುಗುತ್ತಿರುವುದರಿಂದ ತಗಡು ಬೀಳುವುದಿಲ್ಲ, ಫಿಲ್ಮ್ ಬೆಳಕಿನ ಮುಂದೆ ಕದಲದೆ ನಿಲ್ಲುತ್ತದೆ. ಮರುಕ್ಷಣವೇ ನಡುವೆ ಕಂದು ಗುಳ್ಳೆ ಎದ್ದು, ಹರಡಿ, ತೂತಾಗಿ ಬಿಳಿ ಬೆಳಕು ಬರುತ್ತದೆ. ಪರದೆಯ ಮೇಲೆ ಕಾಣುತ್ತಿದ್ದದ್ದು ಇದೇ. ಐವತ್ತರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮ್ ಆಗಿದ್ದರೆ ಕ್ಯಾಬಿನ್ನೇ ಹೊತ್ತಿಕೊಳ್ಳುತ್ತಿತ್ತು. ಕ್ಯಾಬಿನ್ನನ್ನು ಕಾಂಕ್ರೀಟಿನಲ್ಲಿ ಕಟ್ಟಿ, ಕಿಂಡಿಗಳಿಗೆ ಉಕ್ಕಿನ ಮುಚ್ಚಳ ಹಾಕುತ್ತಿದ್ದದ್ದು ಆ ಭಯಕ್ಕೆ. ನಿಮ್ಮ ತಂದೆಯ ಕಾಲದ್ದು ಅಸಿಟೇಟ್ ಫಿಲ್ಮ್, ಕರಗುತ್ತದೆ ಅಷ್ಟೆ.

ಸುಟ್ಟ ಮೇಲಿನ ಕೆಲಸ ಹೀಗೆ: ದೀಪ ಮುಚ್ಚಿ, ಮೋಟರ್ ನಿಲ್ಲಿಸಿ, ಹಾಲಿನ ಲೈಟು ಹಾಕುವುದು. ಫಿಲ್ಮಿನ ತುದಿಯನ್ನು ಕೆಳಗಿನ ಸ್ಪೂಲಿಗೆ ಹಾಗೇ ಸುತ್ತಿ ಆಟ ಮುಂದುವರಿಸುವುದು. ಅಂಟಿಸುವುದೆಲ್ಲ ಆಮೇಲೆ, ರಿವೈಂಡಿಂಗ್ ಮೇಜಿನ ಮೇಲೆ. ಸುಟ್ಟ ಭಾಗ ಕತ್ತರಿಸಿ, ಒಂದು ತುದಿಯ ಚಿತ್ರದ ಪದರವನ್ನು ಬ್ಲೇಡಿನಿಂದ ಚೊಕ್ಕವಾಗಿ ಕೆರೆದು, ಫಿಲ್ಮ್ ಸಿಮೆಂಟ್ ಎಂಬ ಅಂಟು ಹಚ್ಚಿ, ತೂತಿಗೆ ತೂತು ಕೂಡಿಸಿ ಒತ್ತಿಹಿಡಿಯಬೇಕು. ಕೆರೆದದ್ದು ಸಾಲದಿದ್ದರೆ ಮುಂದಿನ ಆಟದಲ್ಲಿ ಅಲ್ಲೇ ಬಿಡುತ್ತದೆ, ಹೆಚ್ಚಾದರೆ ಅಲ್ಲೇ ಮುರಿಯುತ್ತದೆ. ಪ್ರತಿ ಜಾಯಿಂಟಿಗೂ ಕೆಲವು ಚಿತ್ರ ಹೋದವೇ. ಹಾಡಿನ ನಡುವೆ ನಾಯಕಿ ಮರದ ಈ ಕಡೆಯಿಂದ ಆ ಕಡೆಗೆ ಹಾರಿದಂತೆ ಕಂಡರೆ, ನಡುವಿನ ಹೆಜ್ಜೆಗಳು ಯಾವುದೋ ಊರಿನ ಕ್ಯಾಬಿನ್ನಿನ ಕಸದ ಬುಟ್ಟಿಯಲ್ಲಿ ಉಳಿದವು. ಜಾಯಿಂಟು ಹಾದುಹೋಗುವಾಗ ಸ್ಪೀಕರಿನಲ್ಲಿ ‘ಟಪ್’ ಎನ್ನುತ್ತದೆ. ಮುತುವರ್ಜಿಯ ಆಪರೇಟರ್ ಧ್ವನಿಯ ಪಟ್ಟಿಯ ಮೇಲೆ ಆ ಜಾಗಕ್ಕೆ ತ್ರಿಕೋನಾಕಾರದಲ್ಲಿ ಕಪ್ಪು ಮಸಿ ಬಳಿದು ಅದನ್ನೂ ಅಡಗಿಸುತ್ತಿದ್ದ.

ತುಟಿಗೂ ಮಾತಿಗೂ ತಾಳ ತಪ್ಪುವುದಕ್ಕೆ ಬರುತ್ತೇನೆ. ಧ್ವನಿಯೂ ಅದೇ ಫಿಲ್ಮಿನ ಅಂಚಿನಲ್ಲಿ ಬೆಳಕಿನ ಗೆರೆಯಾಗಿ ಅಚ್ಚಾಗಿರುತ್ತದೆ. ಸಣ್ಣ ಬಲ್ಬೊಂದರ ಬೆಳಕು ಆ ಗೆರೆಯ ಮೂಲಕ ಫೋಟೋಸೆಲ್ಲಿನ (ಬೆಳಕನ್ನು ಕರೆಂಟಾಗಿ ಬದಲಿಸುವ ಸಾಧನ) ಮೇಲೆ ಬಿದ್ದು ಧ್ವನಿಯಾಗುತ್ತದೆ. ಆದರೆ ಗೇಟಿನಲ್ಲಿ ಫಿಲ್ಮ್ ನಿಂತು ನಿಂತು ಚಲಿಸುತ್ತದೆ, ಧ್ವನಿಗೆ ಒಂದೇ ಸಮ ಓಟ ಬೇಕು. ಹಾಗಾಗಿ ಧ್ವನಿ ಓದುವ ಜಾಗವನ್ನು ಗೇಟಿಗಿಂತ ಕೆಳಗೆ, ಸುಮಾರು 20 ಚಿತ್ರಗಳಷ್ಟು ದೂರದಲ್ಲಿ ಇಟ್ಟಿದ್ದಾರೆ, ಪ್ರಿಂಟಿನಲ್ಲೂ ಧ್ವನಿಯನ್ನು ಅಷ್ಟೇ ಮುಂದಿಟ್ಟು ಅಚ್ಚು ಹಾಕುತ್ತಾರೆ. ಎರಡರ ನಡುವೆ ಫಿಲ್ಮ್ ಸಡಿಲವಾಗಿ ಬಾಗಿರುವ ಒಂದು ಲೂಪ್ ಇರಬೇಕು. ಏರಿಸುವಾಗ ಅದನ್ನು ದೊಡ್ಡದು ಮಾಡಿದರೆ ಮಾತು ತಡ, ಚಿಕ್ಕದು ಮಾಡಿದರೆ ಮಾತು ಮುಂದು. ಸಿನಿಮಾ ಓಡುವಾಗ ಕೆಟ್ಟ ಜಾಯಿಂಟು ಬಂದು ಲೂಪ್ ಹೋದರೆ ಚಿತ್ರ ಕುಣಿಯುತ್ತದೆ, ಮಾತೂ ತಪ್ಪುತ್ತದೆ. ಚಿತ್ರವಿದ್ದು ಸದ್ದೇ ಇಲ್ಲದಿದ್ದರೆ, ಆ ಸಣ್ಣ ಬಲ್ಬು ಹೋಗಿದೆಯೇ ಎಂದು ಮೊದಲು ನೋಡುತ್ತಿದ್ದರು. ಬದಲಿಸಲು ಅರ್ಧ ನಿಮಿಷ, ಬಿಡಿ ಬಲ್ಬು ಕೈಗೆ ಸಿಗುವಲ್ಲಿ ಇಟ್ಟಿದ್ದರೆ.

ಮಳೆಗೆ ಕಾರಣ ಧೂಳು ಮತ್ತು ಅವಸರ. ರಿವೈಂಡ್ ಮಾಡಿದ ಸ್ಪೂಲ್ ಸಡಿಲವಾಗಿದೆಯೆಂದು ತುದಿ ಹಿಡಿದು ಜಗ್ಗಿದರೆ ಸುತ್ತಿನ ಮೇಲೆ ಸುತ್ತು ಉಜ್ಜಿ, ನಡುವಿನ ಧೂಳು ಉದ್ದುದ್ದ ಗೀರುತ್ತದೆ. ಗೀರಿನ ಬಣ್ಣ ನೋಡಿಯೇ ಪೆಟ್ಟು ಎಷ್ಟು ಆಳ ಎಂದು ಹೇಳಬಹುದು. ಫಿಲ್ಮಿನ ಬೆನ್ನ ಮೇಲಿನ ಗೀರು ಕಪ್ಪು. ಚಿತ್ರವಿರುವ ಬದಿಯಲ್ಲಿ ಮೇಲಿನ ಪದರ ಮಾತ್ರ ಹೋಗಿದ್ದರೆ ಹಸಿರು, ಇನ್ನೂ ಒಳಕ್ಕೆ ಹೋಗಿದ್ದರೆ ಹಳದಿ, ಪೂರ್ತಿ ಕೆರೆದಿದ್ದರೆ ಬಿಳಿ. ಪ್ರತಿ ಸ್ಪೂಲಿನ ಮೊದಲು ಗೇಟನ್ನು ಒರೆಸಿದರೆ ಅರ್ಧ ಮಳೆ ನಿಲ್ಲುತ್ತಿತ್ತು. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಕೆ.ಜಿ. ರಸ್ತೆಯ ಸ್ಟೇಟ್ಸ್ ಥಿಯೇಟರಿನಲ್ಲಿ (ಆಮೇಲೆ ಭೂಮಿಕಾ ಆಯಿತು) ಎರಡು ವರ್ಷ ಓಡಿತು. ದಿನಕ್ಕೆ ಎರಡೇ ಆಟ ಎಂದಿಟ್ಟುಕೊಂಡರೂ 1,400 ಸಲಕ್ಕಿಂತ ಹೆಚ್ಚು. ಅದರ ದಾಖಲೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಅಷ್ಟು ಸಲ ಆ ಸ್ಪೂಲುಗಳನ್ನು ಏರಿಸಿ ಇಳಿಸಿದ ಕೈಗಳೇ ಮೊದಲು ನೆನಪಾಗುತ್ತವೆ.

ತಲೆ ಕೆಳಗೆ, ಕಾಲು ಮೇಲೆ ಬರುವಂತೆ ಚಿತ್ರ ಅಡ್ಡಕ್ಕೆ ತುಂಡಾಗಿ ಕಂಡರೆ ಅದು ಫ್ರೇಮ್ ತಪ್ಪಿದ್ದು, ಒಂದು ಹಿಡಿಕೆ ತಿರುಗಿಸಿದರೆ ಸರಿ. ಎಲ್ಲರೂ ಕಡ್ಡಿಯಂತೆ ಉದ್ದಕ್ಕೆ ಕಂಡರೆ ಸಿನಿಮಾಸ್ಕೋಪ್ ಲೆನ್ಸ್ ಹಾಕಲು ಮರೆತಿದ್ದಾರೆ ಎಂದರ್ಥ. ಸ್ಕೋಪ್ ಪ್ರಿಂಟಿನಲ್ಲಿ ಚಿತ್ರವನ್ನು ಅಗಲದಲ್ಲಿ ಅರ್ಧಕ್ಕೆ ಹಿಂಡಿರುತ್ತಾರೆ, ಆ ಲೆನ್ಸ್ ಅದನ್ನು ಬಿಡಿಸಿ ಹರಡುತ್ತದೆ. ಕನ್ನಡದಲ್ಲಿ ಸ್ಕೋಪ್ ಶುರುವಾದದ್ದು 1977ರ ‘ಸೊಸೆ ತಂದ ಸೌಭಾಗ್ಯ’ದಿಂದ.

ಒಂದೇ ಪ್ರಿಂಟನ್ನು ಹತ್ತಿರದ ಎರಡು ಥಿಯೇಟರು ಹಂಚಿಕೊಂಡಾಗಿನ ಪಾಡು ಬೇರೆಯೇ. ಎರಡನೆಯ ಕಡೆ ಆಟವನ್ನು ಅರ್ಧ ಗಂಟೆಗೂ ಮೀರಿ ತಡವಾಗಿ ಶುರುಮಾಡಬೇಕಿತ್ತು. ಮೊದಲ ಸ್ಪೂಲ್ ಮುಗಿಯಲು 22 ನಿಮಿಷ, ರಿವೈಂಡ್ ಮಾಡಿ ಡಬ್ಬಿಗೆ ತುಂಬಲು ಐದು, ಸೈಕಲ್ಲಿನಲ್ಲಿ ಒಯ್ಯಲು ಹತ್ತು. ಆಮೇಲೆ ಪ್ರತಿ 22 ನಿಮಿಷಕ್ಕೊಮ್ಮೆ ಹುಡುಗ ಓಡಲೇಬೇಕು. ಒಂದು ಸಲ ಪಂಕ್ಚರ್ ಆದರೆ ಅಲ್ಲಿ ಅನಿರೀಕ್ಷಿತ ಇಂಟರ್‌ವೆಲ್. ಆಗ ಪರದೆಯ ಮೇಲೆ ಬಟ್ಟೆ ಅಂಗಡಿಯ ಸ್ಲೈಡು ಬರುತ್ತಿತ್ತು.

ಕ್ಯಾಬಿನ್ನಿನ ಹೊರಗಿನದನ್ನು ನಿಮ್ಮ ತಂದೆಯೇ ನನಗಿಂತ ಚೆನ್ನಾಗಿ ಹೇಳಬಲ್ಲರು: ಕಬ್ಬಿಣದ ಸರಳುಗಳ ನಡುವಿನ ಕ್ಯೂ, ಒಂದೇ ಕೈ ಹಿಡಿಸುವ ಕೌಂಟರ್ ಕಿಂಡಿ, ಒಂದೊಂದು ಕ್ಲಾಸಿಗೆ ಒಂದೊಂದು ಬಣ್ಣದ ತೆಳು ಟಿಕೆಟ್ಟು, ಮುಂದಿನ ಗಾಂಧಿ ಕ್ಲಾಸು. ಒಂದು ಮಾತು ಮಾತ್ರ ಸೇರಿಸುತ್ತೇನೆ. ಗಾಂಧಿ ಕ್ಲಾಸಿನಲ್ಲಿ ಕೂತವರಿಗೆ ಪರದೆಯ ತುಂಬ ಸಣ್ಣ ಸಣ್ಣ ತೂತು ಕಾಣುತ್ತಿತ್ತು. ಅದು ಹರಕು ಪರದೆಯಲ್ಲ. ಸ್ಪೀಕರುಗಳು ಪರದೆಯ ಹಿಂದೆ ಇರುತ್ತಿದ್ದವು, ಸದ್ದು ಹಾದುಬರಲು ಆ ತೂತು ಬೇಕೇ ಬೇಕು. ಹರಕು ಬೇರೆ ಇರುತ್ತಿತ್ತು: ಹೀರೋ ಬಂದಾಗ ಎಸೆದ ನಾಣ್ಯ ತಗಲಿ ಆದದ್ದು, ಹಿಂದಿನಿಂದ ತೇಪೆ ಹಚ್ಚಿದ್ದು.

ತೊಂಬತ್ತರ ದಶಕದಲ್ಲಿ ಡಿಟಿಎಸ್ ಎಂಬ ಡಿಜಿಟಲ್ ಧ್ವನಿ ಬಂದಾಗ ಧ್ವನಿ ಫಿಲ್ಮಿನಿಂದ ಸಿಡಿಗೆ ಹೋಯಿತು, ಫಿಲ್ಮಿನ ಮೇಲೆ ಹಳೇ ಧ್ವನಿಪಟ್ಟಿಯ ಜತೆಗೆ ಸಮಯದ ಗುರುತು ಸೇರಿತು. ಆಮೇಲೆ ಡಿಜಿಟಲ್ ಬಂದು ಸ್ಪೂಲ್, ಕಡ್ಡಿ, ಸಿಮೆಂಟ್ ಎಲ್ಲವೂ ಹೋದವು. 1968ರಲ್ಲಿ ತೆರೆದ, 1,400ಕ್ಕೂ ಹೆಚ್ಚು ಸೀಟಿನ ಕಪಾಲಿ 2017ರಲ್ಲಿ ಮುಚ್ಚಿತು. ಸಾಗರ್ ಇಲ್ಲ. ಆ ಪ್ರದೇಶಕ್ಕೆ ಹೆಸರು ಕೊಟ್ಟ ಮೆಜೆಸ್ಟಿಕ್ ಥಿಯೇಟರೂ ಇಲ್ಲ, ಬಸ್ಸಿನ ಬೋರ್ಡಿನ ಮೇಲೆ ಅದರ ಹೆಸರಿದೆ.

ನಗರದಲ್ಲಿ ಇನ್ನೂ ನಡೆಯುತ್ತಿರುವ ಯಾವುದಾದರೂ ಹಳೇ ಥಿಯೇಟರಿಗೆ ತಂದೆಯನ್ನು ಕರೆದುಕೊಂಡು ಹೋಗಿ. ಬಾಲ್ಕನಿ ಟಿಕೆಟ್ ತೆಗೆದುಕೊಂಡು, ಲೈಟು ಆರುವ ಮುಂಚೆ ಹಿಂದಕ್ಕೆ ತಿರುಗಿ ಗೋಡೆ ನೋಡಿ. ಕಿಂಡಿಗಳನ್ನು ಪೂರ್ತಿ ಮುಚ್ಚಿರದಿದ್ದರೆ ಜೋಡಿ ಜೋಡಿಯಾಗಿ ಕಾಣುತ್ತವೆ: ಒಂದೊಂದು ಪ್ರೊಜೆಕ್ಟರಿಗೆ ಎರಡು, ಬೆಳಕಿಗೊಂದು, ಆಪರೇಟರಿನ ಕಣ್ಣಿಗೊಂದು. ಬೇರೆಯಾಗಿ ಒಂಟಿ ಕಿಂಡಿಯೊಂದಿದ್ದರೆ, ಸ್ಲೈಡ್ ತೋರಿಸುತ್ತಿದ್ದದ್ದು ಅಲ್ಲಿಂದ.